ಶಿಯಾನ್, ಲುವೊಯಾಂಗ್: ಹಳೆಯ ಚೀನಾ ನೋಡಹೊರಟವರಿಗೆ ಒಂದು ವಾರದ ಮಾರ್ಗದರ್ಶಿ

ಚೀನಾ ಪ್ರವಾಸವೆಂದರೆ ಬೀಜಿಂಗ್, ಶಾಂಘೈ, ಮಹಾಗೋಡೆ ಎಂಬ ಲೆಕ್ಕವೇ ಹೆಚ್ಚು. ಅಲ್ಲಿನ ಸಂಸ್ಕೃತಿಯ ಮೇಲೆ ಆಸಕ್ತಿಯಿದ್ದು ಕೈಯಲ್ಲಿ ಒಂದೇ ವಾರವಿದ್ದರೆ ಆ ಪಟ್ಟಿ ಬಿಟ್ಟು ಶಿಯಾನ್ ಮತ್ತು ಲುವೊಯಾಂಗ್ ಎರಡೇ ಊರು ಇಟ್ಟುಕೊಳ್ಳಿ. ಶಿಯಾನ್ ಅಂದಿನ ಚಾಂಗ್‌ಆನ್, ತಾಂಗ್ ವಂಶದ ರಾಜಧಾನಿ. ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು, ಅವನು ಹರ್ಷನಿಗೂ ಮಣಿಯಲಿಲ್ಲವೆಂದು ಬರೆದಿಟ್ಟ ಹ್ಯೂಯೆನ್ ತ್ಸಾಂಗ್ 645ರಲ್ಲಿ ಭಾರತದಿಂದ 657 ಗ್ರಂಥಗಳನ್ನು ತಂದಿಳಿಸಿದ್ದು ಇಲ್ಲಿಯೇ. ಲುವೊಯಾಂಗ್ ವೇಗದ ರೈಲಿನಲ್ಲಿ ಅಲ್ಲಿಂದ ಒಂದೂವರೆ ಎರಡು ಗಂಟೆಯ ದಾರಿ. ಶಿಯಾನ್‌ಗೆ ಐದು ದಿನ, ಲುವೊಯಾಂಗ್‌ಗೆ ಎರಡು ದಿನ ಸಾಕು.

ಆದರೆ ಅಲ್ಲಿ "ಹೋದ ಮೇಲೆ ನೋಡಿಕೊಂಡರಾಯಿತು" ಎನ್ನುವುದು ನಡೆಯುವುದಿಲ್ಲ. ದೊಡ್ಡ ತಾಣಗಳ ಟಿಕೆಟ್ಟು ಪಾಸ್‌ಪೋರ್ಟಿನ ಹೆಸರಿಗೆ, ದುಡ್ಡು ಕೊಡುವುದು ಫೋನಿನಿಂದ, ದಾರಿ ತೋರಿಸುವುದು ಅವರದೇ ಆ್ಯಪ್. ಮನೆಯಲ್ಲಿ ಕೂತು ಮುಗಿಸಬೇಕಾದ ಕೆಲಸ ಬಾಕಿ ಉಳಿದರೆ ಮೊದಲ ಎರಡು ದಿನ ಅದಕ್ಕೇ ಹೋಗುತ್ತದೆ.

ವೀಸಾ ಮತ್ತು ದಿನಗಳ ಆಯ್ಕೆ

ಭಾರತದ ಪಾಸ್‌ಪೋರ್ಟಿಗೆ ಎಲ್ ವರ್ಗದ ಪ್ರವಾಸಿ ವೀಸಾ ಬೇಕೇ ಬೇಕು. ಕರ್ನಾಟಕದ ನಿವಾಸಿಗಳ ಅರ್ಜಿ ಮುಂಬೈ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಮತ್ತು ಖಾಲಿ ಪುಟಗಳು ಇರಬೇಕು. ಹೋಗಿಬರುವ ಟಿಕೆಟ್, ಹೋಟೆಲ್ ಬುಕಿಂಗ್, ದಿನವಾರು ಪ್ರಯಾಣದ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿಡಿ. ಫೋಟೋ 33 × 48 ಮಿಲಿಮೀಟರ್, ಬಿಳಿ ಹಿನ್ನೆಲೆ. ಊರಿನ ಸ್ಟುಡಿಯೊದ ಮಾಮೂಲಿ ಪಾಸ್‌ಪೋರ್ಟ್ ಸೈಜು ಇದಕ್ಕೆ ಹೊಂದುವುದಿಲ್ಲ. ವೀಸಾ ಕೈಸೇರುವವರೆಗೆ ರದ್ದು ಮಾಡಬಹುದಾದ ಹೋಟೆಲನ್ನೇ ಬುಕ್ ಮಾಡಿ.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಬೇರೊಂದು ದಾರಿಯಿದೆ. ಚೀನಾ 55 ದೇಶದವರಿಗೆ ಕೊಡುವ 240 ಗಂಟೆಗಳ ವೀಸಾರಹಿತ ನಿಲುಗಡೆಯಲ್ಲಿ ಅಮೆರಿಕವಿದೆ, ಭಾರತವಿಲ್ಲ. ಬಂದ ದೇಶ ಒಂದು, ಚೀನಾದಿಂದ ಹೋಗುವ ದೇಶ ಇನ್ನೊಂದು ಆಗಿರಬೇಕೆಂಬುದು ಅದರ ಷರತ್ತು. ಅಮೆರಿಕದಿಂದ ಊರಿಗೆ ಬರುವಾಗ ಶಿಯಾನ್‌ನಲ್ಲಿ ಇಳಿದು ಮುಂದೆ ಭಾರತಕ್ಕೆ ಬಂದರೆ ಸರಿ. ಚೀನಾ ನೋಡಿ ಅಮೆರಿಕಕ್ಕೇ ವಾಪಸಾದರೆ ಅನ್ವಯಿಸದು. ಮುಂದಿನ ಪ್ರಯಾಣದ ಖಚಿತ ಟಿಕೆಟನ್ನು ವಿಮಾನ ಹತ್ತುವಾಗಲೇ ಕೇಳುತ್ತಾರೆ.

ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ತಿಂಗಳು. ಶಿಯಾನ್‌ನ ಬೇಸಿಗೆ 40 ಡಿಗ್ರಿ ಮುಟ್ಟುವುದುಂಟು. ಚಳಿಗಾಲದಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ. ಆದರೆ ಹವೆಗಿಂತ ಮುಖ್ಯ ರಜೆಗಳ ಲೆಕ್ಕ. ಅಕ್ಟೋಬರ್ 1ರಿಂದ ಒಂದು ವಾರ, ಮೇ 1ರ ಆಸುಪಾಸು, ಚಾಂದ್ರಮಾನ ಹೊಸವರ್ಷದ ವಾರ ಇವು ಮೂರನ್ನೂ ಬಿಟ್ಟುಬಿಡಿ. ದೇಶಕ್ಕೆ ದೇಶವೇ ಪ್ರಯಾಣ ಹೊರಟಿರುತ್ತದೆ. ರೈಲು ಸಿಗದು, ಸಿಕ್ಕರೂ ಲುವೊಯಾಂಗ್‌ನ ಬುದ್ಧಗವಿಗಳ ಮೆಟ್ಟಿಲ ಮೇಲೆ ಕಾಲೂರಲು ಜಾಗವಿರದು.

ಫೋನಿನಲ್ಲಿ ಮೊದಲೇ ಮುಗಿಸಬೇಕಾದದ್ದು

ದುಡ್ಡು ಕೊಡಲು ಬೇಕಾದ ಅಲಿಪೇ ಮತ್ತು ವೀಚಾಟ್ ಆ್ಯಪ್ ಎರಡನ್ನೂ ಭಾರತದಲ್ಲಿದ್ದಾಗಲೇ ಹಾಕಿಕೊಂಡು, ಪಾಸ್‌ಪೋರ್ಟ್ ದೃಢೀಕರಣ ಮುಗಿಸಿ, ವೀಸಾ ಕಂಪನಿಯ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಮತ್ತು ಆನ್‌ಲೈನ್ ವ್ಯವಹಾರ ಎರಡೂ ತೆರೆದಿರಬೇಕು. ಕಾರ್ಡ್ ಜೋಡಿಸುವಾಗ ಒಟಿಪಿ ಬರುವುದು ಭಾರತದ ನಂಬರಿಗೆ. ಆ ಸಿಮ್ ಚೀನಾದಲ್ಲಿ ರೋಮಿಂಗ್ ಇಲ್ಲದೆ ಸತ್ತಿದ್ದರೆ ಅಲ್ಲಿ ಏನೂ ಮಾಡಲಾಗದು. ಕೆಲವು ಭಾರತೀಯ ಕಾರ್ಡುಗಳು ಜೋಡಣೆಯಾದರೂ ಪಾವತಿಯಲ್ಲಿ ಕೈಕೊಡುತ್ತವೆ. ಹಾಗಾಗಿ ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು, ಜೊತೆಗೆ ಸಾವಿರದೈನೂರು ಯುವಾನ್‌ನಷ್ಟು ನಗದು ಇರಲಿ. ವಿದೇಶಿ ಕಾರ್ಡಿನಿಂದ ಒಂದು ಪಾವತಿ 200 ಯುವಾನ್ ಮೀರಿದರೆ ಈ ಆ್ಯಪ್‌ಗಳು ಶೇ 3 ಶುಲ್ಕ ಹಿಡಿಯುತ್ತವೆ. ಅದರೊಳಗಿನ ಮೊತ್ತಕ್ಕೆ ಇಲ್ಲ. ಹೋಟೆಲಿನ ದೊಡ್ಡ ಬಿಲ್ಲನ್ನು ಕಾರ್ಡು ಉಜ್ಜಿ ನೇರವಾಗಿ ಕೊಡಲಾದರೆ ಆ ಶುಲ್ಕ ಉಳಿಯುತ್ತದೆ.

ಗೂಗಲ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಅಲ್ಲಿನ ಸ್ಥಳೀಯ ಸಿಮ್ಮಿನಲ್ಲೂ ಹೋಟೆಲ್ ವೈಫೈನಲ್ಲೂ ತೆರೆಯುವುದಿಲ್ಲ. ಭಾರತದ ಸಿಮ್ಮಿನ ರೋಮಿಂಗ್ ಅಥವಾ ಹೊರದೇಶದ ಇ-ಸಿಮ್‌ನಲ್ಲಿ ಡೇಟಾ ಹೊರಗಿನ ಜಾಲದ ಮೂಲಕ ಹಾದು ಬರುವುದರಿಂದ ತೆರೆಯುತ್ತವೆ. ಹಾಗೆ ತೆರೆದುಕೊಂಡರೂ ಗೂಗಲ್ ಮ್ಯಾಪ್ ನಂಬಬೇಡಿ. ಚೀನಾದ ನಕ್ಷೆಗಳು ಬೇರೆಯದೇ ನಿರ್ದೇಶಾಂಕ ಪದ್ಧತಿಯವಾದ್ದರಿಂದ ನೀವಿರುವ ಜಾಗ ನೂರಾರು ಮೀಟರ್ ಆಚೆ ಕಾಣುತ್ತದೆ. ಅಲ್ಲಿನವರು ಬಳಸುವ ಆಮ್ಯಾಪ್ ಹಾಕಿಕೊಳ್ಳಿ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯ ಆಫ್‌ಲೈನ್ ಪ್ಯಾಕ್ ಇಳಿಸಿಟ್ಟುಕೊಳ್ಳಿ. ಹೋಟೆಲಿನ ಹೆಸರು, ವಿಳಾಸವನ್ನು ಚೀನೀ ಲಿಪಿಯಲ್ಲಿ ಸ್ಕ್ರೀನ್‌ಶಾಟ್ ಮಾಡಿಡಿ. ಟ್ಯಾಕ್ಸಿ ಚಾಲಕನಿಗೆ ರೋಮನ್ ಲಿಪಿ ತೋರಿಸಿ ಪ್ರಯೋಜನವಿಲ್ಲ.

ಪವರ್ ಬ್ಯಾಂಕ್ ವಿಷಯವೊಂದಿದೆ. 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ ತ್ರೀ-ಸಿ ಎಂಬ ಚೀನೀ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕ್ ಬಿಡುವುದಿಲ್ಲ. ನಮ್ಮಲ್ಲಿ ಕೊಂಡ ಎಷ್ಟೋ ಪವರ್ ಬ್ಯಾಂಕುಗಳಲ್ಲಿ ಆ ಗುರುತು ಇರುವುದಿಲ್ಲ. ಗುವಾಂಗ್‌ಜೌನಲ್ಲಿ ಇಳಿದು ಶಿಯಾನ್‌ಗೆ ಇನ್ನೊಂದು ವಿಮಾನ ಹಿಡಿಯುವವರು ಅದನ್ನು ಮನೆಯಲ್ಲೇ ಬಿಡಬಹುದು.

ಟಿಕೆಟ್ಟುಗಳ ಸರದಿ

ರೈಲಿನ ಟಿಕೆಟ್ ಹೊರಡುವ ದಿನಕ್ಕೆ 15 ದಿನ ಮುಂಚೆ ತೆರೆಯುತ್ತದೆ. ರೈಲ್ವೆಯ ಸರ್ಕಾರಿ ಜಾಲತಾಣ 12306ರಲ್ಲಿ ಹೊಸ ವಿದೇಶಿ ಖಾತೆಯ ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಖಾತೆಯನ್ನು ತಿಂಗಳ ಮುಂಚೆ ತೆರೆದಿಡಿ, ಇಲ್ಲವೇ ಟ್ರಿಪ್ ಡಾಟ್ ಕಾಮ್‌ನಂಥ ಮಧ್ಯವರ್ತಿಯ ಮೂಲಕ ಕೊಳ್ಳಿ. ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ತುಂಬಿ. ತಂದೆಯ ಹೆಸರು, ಊರಿನ ಹೆಸರನ್ನೆಲ್ಲ ಉಪನಾಮದ ಜಾಗಕ್ಕೆ ತುರುಕಿರುವ ನಮ್ಮ ಪಾಸ್‌ಪೋರ್ಟುಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ.

ವೇಗದ ರೈಲು ಹೊರಡುವುದು ಶಿಯಾನ್ ಉತ್ತರ ನಿಲ್ದಾಣದಿಂದ, ಅಲ್ಲಿನವರ ಬಾಯಲ್ಲಿ ಶಿಯಾನ್ ಬೇ. ನಗರದೊಳಗಿನ ಶಿಯಾನ್ ನಿಲ್ದಾಣಕ್ಕೆ ಹೋಗಿ ನಿಂತರೆ ರೈಲು ತಪ್ಪಿತೆಂದೇ ಲೆಕ್ಕ. ಅತ್ತ ಇಳಿಯುವುದು ಲುವೊಯಾಂಗ್ ಲಾಂಗ್‌ಮೆನ್ ನಿಲ್ದಾಣದಲ್ಲಿ. ಒಂದು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ಬ್ಯಾಗು ಸ್ಕ್ಯಾನ್ ಆಗುತ್ತದೆ. ಚಾಕು, ಕತ್ತರಿ, ಡಿಯೊಡರೆಂಟ್ ಸ್ಪ್ರೇ ಕಿತ್ತಿಟ್ಟುಕೊಳ್ಳುವುದುಂಟು. ರೈಲು ಹೊರಡುವ ಕೆಲವು ನಿಮಿಷ ಮುಂಚೆಯೇ ಗೇಟು ಮುಚ್ಚುತ್ತದೆ, ಆಮೇಲೆ ಯಾರ ಮಾತೂ ನಡೆಯದು. ಯಂತ್ರದ ಗೇಟು ಪಾಸ್‌ಪೋರ್ಟ್ ಓದದಿದ್ದರೆ ಗಾಬರಿ ಬೇಡ, ಪಕ್ಕದಲ್ಲೇ ಸಿಬ್ಬಂದಿ ನಿಂತಿರುವ ಸಾಲಿದೆ.

ಶಿಯಾನ್ ಇರುವ ಪ್ರಾಂತ ಶಾನ್ಶಿ. ಅದರ ಹೆಸರಿನ ಶಾನ್ಶಿ ಇತಿಹಾಸ ವಸ್ತುಸಂಗ್ರಹಾಲಯದ ಪ್ರವೇಶ ಉಚಿತ, ಸೋಮವಾರ ರಜೆ. ಉಚಿತವೆಂಬ ಕಾರಣಕ್ಕೇ ಅದು ಸಿಗುವುದು ಕಷ್ಟ: ಬುಕಿಂಗ್ ಕೆಲವೇ ದಿನ ಮುಂಚೆ ತೆರೆದು ಬೇಗನೆ ಖಾಲಿಯಾಗುತ್ತದೆ. ಅದಕ್ಕೆ ದಿನ ಗೊತ್ತಾದ ಮೇಲೆ ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಸಿಗದಿದ್ದರೆ ಚಿಕ್ಕ ಕಾಡುಬಾತು ಪಗೋಡದ ಆವರಣದಲ್ಲಿರುವ ಶಿಯಾನ್ ವಸ್ತುಸಂಗ್ರಹಾಲಯಕ್ಕೆ ಹೋಗಿ; ಗದ್ದಲ ಕಡಿಮೆ, ಎಂಟನೆಯ ಶತಮಾನದ ಆರಂಭದ ಪಗೋಡವೂ ಅಲ್ಲೇ ಕಾಣಸಿಗುತ್ತದೆ.

ಶಿಯಾನ್: ಸೈನ್ಯ, ಗೋಡೆ, ಗೋಪುರ

ಮಣ್ಣಿನ ಸೈನಿಕರು ಇರುವುದು ಊರೊಳಗಲ್ಲ, ಪೂರ್ವಕ್ಕೆ ಲಿಂತೋಂಗ್‌ನಲ್ಲಿ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕ, ಮೊದಲ ಚಕ್ರವರ್ತಿ ಚಿನ್ ಶಿ ಹ್ವಾಂಗ್‌ನ ಸಮಾಧಿಯ ಕಾವಲುಪಡೆ ಅದು. ಟಿಕೆಟ್ 120 ಯುವಾನ್, ಮುಂಗಡವಾಗಿ ಪಾಸ್‌ಪೋರ್ಟ್ ಹೆಸರಿನಲ್ಲಿ. ಮೆಟ್ರೊ 9ನೇ ಮಾರ್ಗದಲ್ಲಿ ಹ್ವಾಚಿಂಗ್‌ಚಿ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಸಿಟಿ ಬಸ್ ಹಿಡಿಯುವುದು ಅಗ್ಗದ ದಾರಿ. ರೈಲು ನಿಲ್ದಾಣದ ಮುಂದೆ ಸೈನಿಕರ ಚಿತ್ರ ಹಿಡಿದು ಕರೆಯುವ ಖಾಸಗಿ ಬಸ್ಸುಗಳ ಹತ್ತಿರ ಸುಳಿಯಬೇಡಿ. ದಾರಿಯಲ್ಲಿ ನಕಲಿ ಪ್ರತಿಮೆಗಳ ಪ್ರದರ್ಶನ, ಅಂಗಡಿಗಳಲ್ಲೇ ಅರ್ಧ ದಿನ ಕಳೆಸುತ್ತಾರೆ.

ಒಳಗೆ ಹೋದವರೆಲ್ಲ ನೇರ ಒಂದನೇ ಹೊಂಡಕ್ಕೆ ನುಗ್ಗುತ್ತಾರೆ. ನೀವು ತಿರುವುಮುರುವು ಮಾಡಿ: ಮೊದಲು ಮೂರನೆಯದು, ಆಮೇಲೆ ಎರಡನೆಯದು, ಕೊನೆಗೆ ಒಂದನೆಯದು. ಮೂರನೆಯದು ಸೇನಾ ಮುಖ್ಯಾಲಯ, ಚಿಕ್ಕದು. ಎರಡನೆಯದರಲ್ಲಿ ಮಂಡಿಯೂರಿದ ಬಿಲ್ಲುಗಾರನಂಥ ಪ್ರತಿಮೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಖಕ್ಕೆ ಮುಖ ಇಟ್ಟು ನೋಡಬಹುದು. ಕೂದಲಿನ ಎಳೆ, ಕೆಲವೆಡೆ ಉಳಿದ ಬಣ್ಣವೂ ಕಾಣುತ್ತದೆ. 230 ಮೀಟರ್ ಉದ್ದದ ಒಂದನೇ ಹೊಂಡ ಮೊದಲೇ ನೋಡಿಬಿಟ್ಟರೆ ಇವೆರಡೂ ಸಪ್ಪೆ ಎನಿಸಿ ಹತ್ತು ನಿಮಿಷಕ್ಕೆ ಹೊರಬರುತ್ತೀರಿ. ಈ ಪ್ರತಿಮೆಗಳಿಗೆಲ್ಲ ಮೊದಲು ಬಣ್ಣವಿತ್ತು. ಮಣ್ಣಿನಿಂದ ಹೊರಬಂದು ಒಣಗಾಳಿ ತಾಗಿದೊಡನೆ ಬಣ್ಣದ ಕೆಳಗಿನ ಮೆರುಗೆಣ್ಣೆಯ ಪದರ ಸುರುಟಿ ಉದುರಿತು.

ಅದೇ ಟಿಕೆಟ್ಟಿನಲ್ಲಿ ಲಿಶಾನ್ ಉದ್ಯಾನವೂ ಸೇರಿದೆ, ಅಲ್ಲಿಗೆ ಉಚಿತ ಬಸ್ಸಿದೆ. ಅರ್ಧ ಗಾತ್ರದ ಕಂಚಿನ ರಥಗಳು ಈಗ ಅಲ್ಲಿಯ ಪ್ರತ್ಯೇಕ ಮ್ಯೂಸಿಯಂನಲ್ಲಿವೆ. ಇದು ತಿಳಿಯದೆ ಹೊಂಡಗಳನ್ನಷ್ಟೇ ನೋಡಿ ಹಿಂತಿರುಗುವವರು ಬಹಳ ಮಂದಿ. ಎಲ್ಲಕ್ಕೂ ಸೇರಿ ಐದಾರು ಗಂಟೆ ಇಟ್ಟುಕೊಳ್ಳಿ.

ಮಿಂಗ್ ಕಾಲದ ನಗರದ ಗೋಡೆ ಸುತ್ತಳತೆಯಲ್ಲಿ ಹದಿಮೂರುವರೆ ಕಿಲೋಮೀಟರಿಗೂ ಹೆಚ್ಚು, ಎತ್ತರ 12 ಮೀಟರ್. ಟಿಕೆಟ್ 54 ಯುವಾನ್. ದಕ್ಷಿಣದ ಯೋಂಗ್‌ನಿಂಗ್ ದ್ವಾರದಲ್ಲಿ ಹತ್ತಿ ಬಾಡಿಗೆ ಸೈಕಲ್ ಹಿಡಿದರೆ ಒಂದು ಸುತ್ತಿಗೆ ಒಂದೂವರೆ ಎರಡು ಗಂಟೆ. ನೆಲ ಹಳೆಯ ಇಟ್ಟಿಗೆಯದು. ಬೆನ್ನುನೋವಿರುವವರು ನಡೆದೇ ಎರಡು ದ್ವಾರ ದಾಟಿ ಇಳಿಯುವುದು ಮೇಲು. ಮಳೆ ಬಂದರೆ ಸೈಕಲ್ ಕೊಡುವುದಿಲ್ಲ. ಬಿಸಿಲಿಳಿಯುವ ಹೊತ್ತಿಗೆ ಹತ್ತಿ, ದೀಪ ಹೊತ್ತಿದ ಮೇಲೆ ಇಳಿಯಿರಿ.

ಹ್ಯೂಯೆನ್ ತ್ಸಾಂಗ್ ತಂದ ಗ್ರಂಥಗಳಿಗಾಗಿ 652ರಲ್ಲಿ ಕಟ್ಟಿಸಿದ ದೊಡ್ಡ ಕಾಡುಬಾತು ಪಗೋಡ ಇರುವುದು ಸಿ'ಎನ್ ದೇವಾಲಯದೊಳಗೆ. ಏಳು ಅಂತಸ್ತು, 64 ಮೀಟರ್. ಗೋಪುರ ಹತ್ತಲು ಪ್ರತ್ಯೇಕ ಟಿಕೆಟ್. ಕಿರಿದಾದ ಮರದ ಮೆಟ್ಟಿಲು, ಮೇಲಿನ ಕಿಟಕಿಗಳು ಚಿಕ್ಕವು. ಮಂಡಿನೋವಿದ್ದರೆ ಹತ್ತದಿದ್ದರೂ ನಷ್ಟವಿಲ್ಲ. ಇದನ್ನು ನೋಡಿ ಸಮಯ ಉಳಿದರೆ ಹತ್ತಿರದ ದಾ ಶಿಂಗ್‌ಶಾನ್ ದೇವಾಲಯಕ್ಕೂ ಹೋಗಿಬನ್ನಿ. ತಾಂತ್ರಿಕ ಬೌದ್ಧಮತದ ಗುರುಗಳಾದ ಶುಭಕರಸಿಂಹ, ವಜ್ರಬೋಧಿ, ಅಮೋಘವಜ್ರರು ಎಂಟನೆಯ ಶತಮಾನದಲ್ಲಿ ಕೆಲಸ ಮಾಡಿದ ಜಾಗವಿದು. ಪ್ರವಾಸಿಗರಿಗಿಂತ ಭಕ್ತರೇ ಹೆಚ್ಚು.

ಚೀನೀ ಗುಡಿಗಳಲ್ಲಿ ಚಪ್ಪಲಿ ಬಿಡುವ ಪದ್ಧತಿಯಿಲ್ಲ. ಬಾಗಿಲಲ್ಲಿ ಬಿಟ್ಟರೆ ಕಾಯುವವರೂ ಇಲ್ಲ. ಎತ್ತರದ ಹೊಸ್ತಿಲನ್ನು ತುಳಿಯದೆ ದಾಟಬೇಕು, ನಡುಬಾಗಿಲು ಬಿಟ್ಟು ಪಕ್ಕದ ಬಾಗಿಲಿನಿಂದ ಒಳಹೋಗಬೇಕು. ಊದುಬತ್ತಿ ಮೂರು. ಹೊತ್ತಿಸಿದ ಜ್ವಾಲೆಯನ್ನು ಬಾಯಿಂದ ಊದಬಾರದು, ಕೈಬೀಸಿ ಆರಿಸಬೇಕು. ಅದನ್ನು ಅಂಗಳದ ಧೂಪಪಾತ್ರೆಯಲ್ಲಿ ನಿಲ್ಲಿಸಿದ ಮೇಲೆ ಒಳಗೆ ಹೋಗುವುದು. ಮಂದಿರದೊಳಗಿನ ಬುದ್ಧನ ಫೋಟೋ ತೆಗೆಯುವುದು ಸಾಮಾನ್ಯವಾಗಿ ನಿಷಿದ್ಧ. ಮಂಡಿಯೂರುವ ದಿಂಬಿನ ಮೇಲೆ ಕಾಲಿಡಬೇಡಿ.

ಊಟ: ಸಸ್ಯಾಹಾರಿಗೆ ದಾರಿ ಉಂಟು

"ಮಾಂಸ ಬೇಡ" ಎಂದಷ್ಟೇ ಹೇಳಿದರೆ ಅಡುಗೆಯವನು ತುಂಡುಗಳನ್ನು ಬಿಡುತ್ತಾನೆ. ಹಂದಿಯ ಕೊಬ್ಬು, ಮೂಳೆಯ ಸಾರು, ಕೋಳಿಪುಡಿ, ಆಯ್ಸ್ಟರ್ ಸಾಸ್ ಹಾಗೇ ಉಳಿಯುತ್ತವೆ. ಇವಿಷ್ಟನ್ನೂ, ಮೀನು ಮೊಟ್ಟೆಯನ್ನೂ ಸೇರಿಸಿ ಬೇಡವೆಂದು ಚೀನೀ ಲಿಪಿಯಲ್ಲಿ ಬರೆದ ಒಂದು ಚೀಟಿ ಫೋನಿನಲ್ಲಿರಲಿ. ಬೌದ್ಧ ಸಸ್ಯಾಹಾರದ ಹೋಟೆಲು ಸಿಕ್ಕರೆ ಚಿಂತೆಯಿಲ್ಲ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.

ಶಿಯಾನ್ ಗೋಧಿಯ ಸೀಮೆ. ಅದು ನಮ್ಮ ಪುಣ್ಯ. ಲಿಯಾಂಗ್‌ಪಿ ತಣ್ಣಗಿನ ಅಗಲ ಶಾವಿಗೆ: ಸೌತೆಕಾಯಿ, ಗೋಧಿಯ ಅಂಟಿನ ತುಂಡು, ವಿನೆಗರ್, ಮೆಣಸಿನೆಣ್ಣೆ. ಬೆಲ್ಟಿನಷ್ಟು ಅಗಲದ ಬಿಯಾಂಗ್‌ಬಿಯಾಂಗ್ ಶಾವಿಗೆಯಲ್ಲಿ ಯೋಪೋ ಬಗೆಯದನ್ನು ಕೇಳಿ. ಮೇಲೆ ಖಾರದಪುಡಿ, ಈರುಳ್ಳಿ ಹೂವಿನ ಸೊಪ್ಪು ಉದುರಿಸಿ ಹೊಗೆಯಾಡುವ ಎಣ್ಣೆ ಸುರಿಯುತ್ತಾರೆ. ಮಾಂಸದ ಕೈಮಾ ಸೇರಿಸುವ ಬಗೆಯೂ ಇದೆ, ಅದು ಬೇಡವೆನ್ನಿ.

ಮಾಂಸ ತಿನ್ನುವವರಿಗೆ ಮುಸ್ಲಿಂ ಬಡಾವಣೆಯಲ್ಲಿ ಹ್ವೇ ಸಮುದಾಯದ ಯಾಂಗ್‌ರೌ ಪಾವೊಮೊ ಇದೆ. ಒಂದೆರಡು ಗಟ್ಟಿ ರೊಟ್ಟಿ ಮತ್ತು ಖಾಲಿ ಬಟ್ಟಲು ನಿಮ್ಮ ಮುಂದಿಡುತ್ತಾರೆ. ರೊಟ್ಟಿಯನ್ನು ನೀವೇ ಸೋಯಾ ಕಾಳಿನಷ್ಟು ಸಣ್ಣಗೆ ಮುರಿಯಬೇಕು, ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಬಟ್ಟಲು ಅಡುಗೆಮನೆಗೆ ಹೋಗಿ ಕುರಿಯ ಸಾರಿನಲ್ಲಿ ಕುದಿದು ಬರುತ್ತದೆ. ಅವಸರಪಟ್ಟು ದೊಡ್ಡ ತುಂಡು ಹಾಕಿದರೆ ಸಾರು ಒಳಗಿಳಿಯದೆ ನಡುವೆ ಹಿಟ್ಟುಹಿಟ್ಟಾಗಿರುತ್ತದೆ. ಬಂದ ಬಟ್ಟಲನ್ನು ಕಲಕದೆ ಅಂಚಿನಿಂದ ತಿನ್ನುತ್ತಾ ಬರುವುದು, ನಡುನಡುವೆ ಸಿಹಿ ಉಪ್ಪಿನಕಾಯಿ ಹಾಕಿದ ಬೆಳ್ಳುಳ್ಳಿ ಕಚ್ಚುವುದು ಅಲ್ಲಿನ ಕ್ರಮ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಅದು ಸತ್ತವರಿಗೆ ಇಡುವ ಎಡೆಯ ರೀತಿ.

ಕುಂಚ, ಮುದ್ರೆ, ಚಹಾ, ಉಡುಗೆ, ಗೊಂಬೆ

1087ರಲ್ಲಿ ಆರಂಭವಾದ ಬೇಲಿನ್ ಶಿಲಾಶಾಸನ ಸಂಗ್ರಹಾಲಯ ಕೈಬರಹದ ಕಲೆಗೆ ಗುರುಪೀಠ. ಅದರ ಹೊರಗಿನ ಶೂಯುವಾನ್‌ಮೆನ್ ಬೀದಿಯಲ್ಲಿ ಕುಂಚ, ಮಸಿ, ಕಾಗದ ಸಿಗುತ್ತವೆ. ಹೊಸಬರಿಗೆ ಮೇಕೆಯ ಕೂದಲಿನ ಕುಂಚ ತೀರ ಮೆತ್ತಗೆ, ಕೈಗೆ ನಿಲ್ಲದು. ಎರಡು ಬಗೆಯ ಕೂದಲು ಬೆರೆತ ಜಿಯಾನ್‌ಹಾವೊ ಮಧ್ಯಮ ಗಾತ್ರದ್ದು ಕೊಳ್ಳಿ. ಹೊಸ ಕುಂಚದ ತುದಿ ಅಂಟು ಹಾಕಿ ಗಟ್ಟಿಯಾಗಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಿಡಿಸಿ. ಬಿಸಿನೀರಿಗೆ ಹಾಕಿದರೆ ಬುಡದ ಅಂಟೂ ಕರಗಿ ಕೂದಲು ಉದುರುತ್ತದೆ. ಶ್ವಾನ್ ಎಂಬ ಸಾಂಪ್ರದಾಯಿಕ ಬರಹದ ಕಾಗದ ಸಂಸ್ಕರಿಸದ್ದಾದರೆ ಅದರ ಮೇಲೆ ಮಸಿ ಹರಡಿಕೊಳ್ಳುತ್ತದೆ, ಕಲಿಯುವುದಕ್ಕೆ ಚೌಕಳಿಯ ಅಗ್ಗದ ಕಾಗದ ಸಾಕು. ಬರೆದಾದ ಮೇಲೆ ನೀರು ತಿಳಿಯಾಗುವವರೆಗೆ ತೊಳೆದು ತುದಿ ಕೆಳಗಾಗಿ ತೂಗುಹಾಕಿ. ಮಸಿಯ ಬಾಟಲಿ ಚೆಕ್-ಇನ್ ಬ್ಯಾಗಿನಲ್ಲಿ.

ಅದೇ ಬೀದಿಯಲ್ಲಿ ಹೆಸರಿನ ಕಲ್ಲಿನ ಮುದ್ರೆ ಕೊರೆದುಕೊಡುತ್ತಾರೆ. ಕನ್ನಡದಲ್ಲೇ ಬೇಕಿದ್ದರೆ ಹೆಸರನ್ನು ಕಾಗದದಲ್ಲಿ ದೊಡ್ಡದಾಗಿ ಬರೆದು ತೋರಿಸಿ ಕೇಳಿ. ಒತ್ತಕ್ಷರವಿರುವ ಹೆಸರಿಗೆ ಎರಡು ಸೆಂಟಿಮೀಟರಿನ ಕಲ್ಲು ಸಾಲದು, ಗೆರೆಗಳು ಒಂದಕ್ಕೊಂದು ಅಂಟುತ್ತವೆ. ಎರಡೂವರೆಯಿಂದ ಮೂರು ಇರಲಿ. ಕೊರೆಯುವ ಮೊದಲು ಕಲ್ಲಿನ ಮೇಲೆ ಬರೆದದ್ದನ್ನು ಕನ್ನಡಿಯಲ್ಲಿ ನೋಡಿ. ಕನ್ನಡ ಅರಿಯದ ಕೈಗೆ ಕೊಂಬು, ಸುಳಿ ತಪ್ಪುವುದು ಸಹಜ.

ಶಾನ್ಶಿಯ ಸ್ವಂತ ಚಹಾ ಜಿಂಗ್‌ಯಾಂಗ್‌ನ ಇಟ್ಟಿಗೆಯಾಕಾರದ ಫು ಚಹಾ. ಒಳಗೆ ಕಾಣುವ ಹಳದಿ ಚುಕ್ಕೆಗಳು ಬೇಕೆಂದೇ ಬೆಳೆಸಿದ ಶಿಲೀಂಧ್ರ, ಅವನ್ನು 'ಚಿನ್ನದ ಹೂ' ಎನ್ನುತ್ತಾರೆ. ಹಸಿರು ಅಥವಾ ಕಪ್ಪು ಬೂಸ್ಟು, ಮುಗ್ಗಲು ವಾಸನೆ ಇದ್ದರೆ ಮಾತ್ರ ಬೇಡ. 120 ಮಿಲಿಲೀಟರಿನ ಮುಚ್ಚಳದ ಬಟ್ಟಲಿಗೆ 5-6 ಗ್ರಾಂ. ಕುದಿಯುವ ನೀರು ಹಾಕಿ ಮೊದಲ ನೀರನ್ನು ತಕ್ಷಣ ಚೆಲ್ಲಿ. ಎರಡನೆಯದಕ್ಕೆ ಹತ್ತು ಹದಿನೈದು ಸೆಕೆಂಡ್, ಮುಂದೆ ಸ್ವಲ್ಪಸ್ವಲ್ಪ ಹೆಚ್ಚಿಸಿ. ಬಟ್ಟಲನ್ನು ಅಂಚಿನವರೆಗೆ ತುಂಬಿದರೆ ಹಿಡಿಯುವ ಬೆರಳು ಸುಡುತ್ತದೆ. ಕೊಳ್ಳುವಾಗ ಬೆಲೆ ಯಾವ ತೂಕಕ್ಕೆಂದು ಕೇಳಿ: ಜಿನ್ ಎಂದರೆ 500 ಗ್ರಾಂ, ಲಿಯಾಂಗ್ ಎಂದರೆ 50. ಜಿನ್ ಎಂದುಕೊಂಡದ್ದು ಲಿಯಾಂಗ್ ಆಗಿದ್ದರೆ ಬಿಲ್ಲು ಹತ್ತುಪಟ್ಟು. ಬೀದಿಯಲ್ಲಿ ಇಂಗ್ಲಿಷಿನಲ್ಲಿ ಮಾತಿಗೆಳೆದು "ಚಹಾ ಸಮಾರಂಭಕ್ಕೆ ಬನ್ನಿ" ಎನ್ನುವ ಅಪರಿಚಿತರೊಡನೆ ಹೋಗಬೇಡಿ.

ಹಾನ್‌ಫು ಎಂಬ ಚೀನಾದ ಸಾಂಪ್ರದಾಯಿಕ ಉಡುಗೆ ಬಾಡಿಗೆಗೆ ಸಿಗುತ್ತದೆ, ಕೂದಲು ಮತ್ತು ಮೇಕಪ್ ಸೇರಿ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಶುರುಮಾಡಿದರೆ ದೀಪ ಹೊತ್ತುವ ಹೊತ್ತಿಗೆ ಸಿದ್ಧ. ಕೊರಳಪಟ್ಟಿಯ ಎಡ ಅಂಚು ಬಲ ಅಂಚಿನ ಮೇಲೆ ಬರಬೇಕು. ತಿರುಗಿಸಿ ಉಡಿಸುವುದು ಶವಕ್ಕೆ. ಎದೆಯ ಮೇಲೆ ಕಟ್ಟುವ ತಾಂಗ್ ಲಂಗ ನಡೆಯುತ್ತಾ ಜಾರುತ್ತದೆ, ಒಳಗೆ ಮೈಗಂಟುವ ಬನಿಯನ್, ಲೆಗ್ಗಿಂಗ್ಸ್ ಇರಲಿ. ತಲೆಯ ಆಭರಣದ ಠೇವಣಿ, ತಿದ್ದಿಕೊಡುವ ಫೋಟೋಗಳ ಸಂಖ್ಯೆ ಮೊದಲೇ ಮಾತಾಡಿ, ಜಗಳವಾಗುವುದು ಇವೆರಡರಲ್ಲೇ.

ಸಂಜೆ ಬೇಯುವಾನ್‌ಮೆನ್ ಬೀದಿಯ ಗಾವೊ ಮನೆತನದ ಹಳೆಯ ಅಂಗಳಮನೆಯಲ್ಲಿ ಚಿಕ್ಕ ನೆರಳುಗೊಂಬೆಯಾಟ ನೋಡಬಹುದು. ನಮ್ಮ ತೊಗಲುಗೊಂಬೆಯಾಟ ಕಂಡವರಿಗೆ ವ್ಯತ್ಯಾಸ ಹಿಡಿಸುತ್ತದೆ: ಇಲ್ಲಿನ ಗೊಂಬೆಗಳು ಗೇಣುದ್ದದವು, ದನದ ತೊಗಲಿನವು, ತಲೆ ಕಳಚಿ ಬೇರೆ ಮೈಗೆ ಹಾಕಬಹುದು. ಬೀದಿಯಲ್ಲಿ ಮಾರುವ ಎಷ್ಟೋ ಗೊಂಬೆ ಪ್ಲಾಸ್ಟಿಕ್ ಹಾಳೆ. ಬೆಳಕಿಗೆ ಹಿಡಿಯಿರಿ, ತೊಗಲಾದರೆ ದಪ್ಪ ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಕೊರೆದ ಅಂಚುಗಳಲ್ಲಿ ಕೈಚಾಕಿನ ಏರುಪೇರು ಕಾಣುತ್ತದೆ.

ಲುವೊಯಾಂಗ್‌ನ ಎರಡು ದಿನ

ಲಾಂಗ್‌ಮೆನ್ ಗವಿಗಳು ಯಿ ನದಿಯ ಎರಡೂ ದಡದ ಸುಣ್ಣಕಲ್ಲಿನ ಬೆಟ್ಟದಲ್ಲಿವೆ; ಟಿಕೆಟ್ 90 ಯುವಾನ್. ಮುಖ್ಯ ಗವಿಗಳೆಲ್ಲ ಪಶ್ಚಿಮ ದಡದಲ್ಲಿ ಪೂರ್ವಕ್ಕೆ ಮುಖಮಾಡಿವೆ, ಹಾಗಾಗಿ ಬೆಳಗಿನ ಬಿಸಿಲು ಮೂರ್ತಿಗಳ ಮುಖಕ್ಕೇ ಬೀಳುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಮಧ್ಯಾಹ್ನ ಹೋದವರ ಫೋಟೋದಲ್ಲಿ ವೈರೋಚನ ಬುದ್ಧನ ಮುಖ ನೆರಳು. 17.14 ಮೀಟರ್ ಎತ್ತರದ ಆ ಬುದ್ಧ 675ರಲ್ಲಿ ಮುಗಿದದ್ದು. ಸಾಮ್ರಾಜ್ಞಿ ವು ಜೆತಿಯಾನ್ ತನ್ನ ಪ್ರಸಾಧನದ ಹಣ ಕೊಟ್ಟಳೆಂದು ಪೀಠದ ಶಾಸನ ಹೇಳುತ್ತದೆ. ಹೋಗುವ ದಾರಿಯಲ್ಲಿ ಹತ್ತು ಸಾವಿರ ಬುದ್ಧರ ಗವಿ, ಗೋಡೆಯ ಮೇಲೆ ಔಷಧಿ ತಯಾರಿಸುವ ವಿಧಾನಗಳನ್ನು ಕೆತ್ತಿದ ಗವಿ ಬಿಡಬೇಡಿ. ಸೇತುವೆ ದಾಟಿ ಪೂರ್ವ ದಡಕ್ಕೆ ಹೋದರೆ ಇಡೀ ಬಂಡೆಯ ನೋಟ ಒಮ್ಮೆಗೇ ಸಿಗುತ್ತದೆ. ಕವಿ ಬಾಯ್ ಜ್ಯುಯಿಯ ಸಮಾಧಿಯೂ ಆ ದಡದಲ್ಲೇ. ಒಟ್ಟು ನಾಲ್ಕು ಗಂಟೆ, ಮೆಟ್ಟಿಲು ಬಹಳ.

ಏಪ್ರಿಲ್ ಪಿಯೊನಿ ಹೂವಿನ ತಿಂಗಳು. ಹೂ ನೋಡಬೇಕೆನ್ನುವವರು ಹೋಟೆಲನ್ನು ಬಹಳ ಮುಂಚೆ ಹಿಡಿಯಬೇಕು. ಹೂವಿನ ಹಂಬಲವಿಲ್ಲದವರಿಗೆ ಸೆಪ್ಟೆಂಬರೇ ಹಿತ.

ಎರಡನೆಯ ದಿನ ಶ್ವೇತಾಶ್ವ ದೇವಾಲಯ, ಪೇಟೆಯಿಂದ ಪೂರ್ವಕ್ಕೆ ಹನ್ನೆರಡು ಕಿಲೋಮೀಟರ್. ಕ್ರಿಸ್ತಶಕ 68ರಲ್ಲಿ ಸ್ಥಾಪನೆಯಾಯಿತೆಂದೂ, ಬಿಳಿ ಕುದುರೆಯ ಮೇಲೆ ಗ್ರಂಥ ಹೇರಿ ತಂದ ಕಾಶ್ಯಪ ಮಾತಂಗ, ಧರ್ಮರತ್ನ ಎಂಬ ಇಬ್ಬರು ಭಾರತೀಯ ಭಿಕ್ಷುಗಳು ಇಲ್ಲಿ ನೆಲೆಸಿದರೆಂದೂ ಅಲ್ಲಿನ ಪರಂಪರೆ. ಅವರ ಸಮಾಧಿ ದಿಬ್ಬಗಳು ಮುಂದಿನ ಅಂಗಳದ ಎರಡು ಮೂಲೆಗಳಲ್ಲಿವೆ. ಗುಂಪು ನೇರ ನಡುಮಂದಿರಕ್ಕೆ ನಡೆಯುವುದರಿಂದ ಕಣ್ತಪ್ಪುತ್ತವೆ. ಆವರಣದ ಪಶ್ಚಿಮಕ್ಕೆ ಸಾಂಚಿಯ ಮಾದರಿಯಲ್ಲಿ ಭಾರತ ಸರ್ಕಾರದ ನೆರವಿನಿಂದ ಕಟ್ಟಿ, 2010ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದ ಮಂದಿರವಿದೆ. ಅಲ್ಲಿಂದ ಲಾಂಗ್‌ಮೆನ್ ನಿಲ್ದಾಣಕ್ಕೆ ನಗರದ ಇನ್ನೊಂದು ತುದಿಗೆ ಹೋಗಬೇಕು. ಸಂಜೆಯ ರೈಲಿದ್ದರೆ ದೇವಾಲಯದಿಂದ ಎರಡೂವರೆ ಗಂಟೆ ಮುಂಚೆ ಹೊರಡಿ, ಬ್ಯಾಗುಗಳನ್ನು ಬೆಳಿಗ್ಗೆಯೇ ಹೋಟೆಲಿನಿಂದ ತೆಗೆದು ನಿಲ್ದಾಣದ ಲಗೇಜು ಕೊಠಡಿಯಲ್ಲಿಟ್ಟಿರಿ.